ಗಣಿಯ ಊರಿನಿಂದ ಅಂಬಾರಿಯವರೆಗೆ

ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನ ಆಳದಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನನ್ನ ಸೋದರಮಾವ ಮೈಸೂರಿನ ಅರಮನೆಯನ್ನು ಒಮ್ಮೆಯೂ ನೋಡಿರಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಅವರು ಊರು ಬಿಟ್ಟು ಹೊರಟದ್ದೇ ಕಡಿಮೆ. ಮಾಲೂರಿನ ಕಡೆಯವರೇ ಆಗಿ ಮೈಸೂರಿನಲ್ಲಿ ನೆಲೆಸಿರುವ, ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ತಾವೇ ಜೊತೆಗಿದ್ದು ಅರಮನೆ ತೋರಿಸುವುದಾಗಿ ಒಪ್ಪಿಕೊಂಡಾಗ, ಈ ಅವಕಾಶವನ್ನು ಬಿಡಬಾರದೆಂದು ನಾನೇ ಹಟ ಹಿಡಿದು, ಒಂದು ಭಾನುವಾರ ನಸುಕಿನಲ್ಲಿ ಮಾವನನ್ನು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿದೆ.

ಮೇಷ್ಟ್ರು ನಮ್ಮನ್ನು ನೇರವಾಗಿ ಒಳಗೆ ಕರೆದೊಯ್ಯಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಈ ಕಟ್ಟಡಕ್ಕೆ ಮೊದಲು ಇಲ್ಲಿದ್ದ ಮರದ ಅರಮನೆಯ ಕಥೆ ಹೇಳಿದರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಆ ಅರಮನೆಗೆ ಬೆಂಕಿ ಬಿತ್ತು. ಚಾಮರಾಜ ಒಡೆಯರು ತೀರಿಕೊಂಡು ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ; ಮಗ ಕೃಷ್ಣರಾಜ ಒಡೆಯರು ಚಿಕ್ಕವರಾದ್ದರಿಂದ ರಾಜ್ಯದ ಹೊಣೆ ಹೊತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿವಿಲಾಸ ಸನ್ನಿಧಾನದವರು. ಅವರು ಎದೆಗುಂದದೆ ಅದೇ ವರ್ಷ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. 1912ರಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಖರ್ಚಾದದ್ದು 41,47,913 ರೂಪಾಯಿ. ಕೊನೆಯ ಮೂರು ರೂಪಾಯಿಯವರೆಗೂ ಲೆಕ್ಕ ಉಳಿದಿರುವುದು ನನಗೆ ಬಹಳ ಹಿಡಿಸಿತು. ಒಮ್ಮೆ ಬೆಂಕಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಮನೆಯಾದ್ದರಿಂದ, ಹೊಸದನ್ನು ಕಲ್ಲು ಮತ್ತು ಕಬ್ಬಿಣವನ್ನೇ ನಂಬಿ ಕಟ್ಟಲಾಯಿತು ಎಂಬುದನ್ನು ಮೇಷ್ಟ್ರು ಒತ್ತಿ ಹೇಳಿದರು.

ಆ ಮಾತಿನ ಅರ್ಥ ತಿಳಿದದ್ದು ಕಲ್ಯಾಣ ಮಂಟಪದಲ್ಲಿ. ಎಂಟು ಮೂಲೆಯ ಆ ವಿಶಾಲವಾದ ಅಂಗಣದಲ್ಲಿ ಎಲ್ಲರ ಕಣ್ಣೂ ಮೇಲಕ್ಕೆ, ನವಿಲುಗಳಿಂದ ತುಂಬಿದ ಬಣ್ಣದ ಗಾಜಿನ ಚಾವಣಿಯ ಕಡೆಗೆ ಹೋಗುತ್ತದೆ. ಮಾವ ಮಾತ್ರ ಕಂಬದ ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಗಣಿಯಲ್ಲಿ ಪಾಳಿಗೆ ಇಳಿದೊಡನೆ ತಲೆಯ ಮೇಲಿನ ಬಂಡೆಯನ್ನು ಸರಳಿನಿಂದ ತಟ್ಟಿ, ಸದ್ದು ಕೇಳಿಯೇ ಅದು ಗಟ್ಟಿಯೋ ಸಡಿಲವೋ ಎಂದು ತೀರ್ಮಾನಿಸಬೇಕಿತ್ತು. ಆ ಅಭ್ಯಾಸ ಅವರ ಕೈಯಿಂದ ಹೋಗಿರಲಿಲ್ಲ. "ಇದು ಕಲ್ಲಲ್ಲ ಮೇಷ್ಟ್ರೇ, ಮರವೂ ಅಲ್ಲ" ಎಂದರು. ಮೇಷ್ಟ್ರ ಮುಖ ಅರಳಿತು. "ಎರಕದ ಕಬ್ಬಿಣ ಯಜಮಾನರೇ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದದ್ದು. ಮೂವತ್ತು ವರ್ಷದಿಂದ ಜನರನ್ನು ಕರೆತರುತ್ತಿದ್ದೇನೆ, ತಟ್ಟಿ ನೋಡಿ ಹೇಳಿದವರು ನೀವೊಬ್ಬರೇ" ಎಂದರು. ಗೋಡೆಯ ಸುತ್ತ ದಸರಾ ಮೆರವಣಿಗೆಯ ಇಪ್ಪತ್ತಾರು ದೊಡ್ಡ ತೈಲಚಿತ್ರಗಳಿವೆ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದವಾದ್ದರಿಂದ ಒಂದೊಂದು ಮುಖವೂ ಬೇರೆಯಾಗಿದೆ. ಗುಂಪಿನ ಅಂಚಿನಲ್ಲಿ ನಿಂತವನಿಗೂ ಅವನದೇ ಆದ ಮೂಗು, ಮೀಸೆ, ಪೇಟದ ಸುತ್ತು ಇದೆ. ಅರ್ಧ ಗಂಟೆ ನೋಡಿದರೂ ನನಗೆ ಸಾಲಲಿಲ್ಲ.

ಚಿನ್ನದ ಅಂಬಾರಿಯ ಮುಂದೆ ಮಾವ ಬಹಳ ಹೊತ್ತು ನಿಂತರು. ಒಟ್ಟು 750 ಕಿಲೋ ತೂಗುವ ಈ ಅಂಬಾರಿಯ ಒಳಗಿರುವುದು ಮಂಟಪದ ಆಕಾರದ ಮರದ ಚೌಕಟ್ಟು. ಅದರ ಮೇಲೆ ಸುಮಾರು 80 ಕಿಲೋ ಚಿನ್ನದ ತಗಡನ್ನು ಹೊದಿಸಿದ್ದಾರೆ. ಬಳ್ಳಿ, ಎಲೆ, ಹೂವುಗಳ ಕೆತ್ತನೆ ಅಷ್ಟು ಸೂಕ್ಷ್ಮವಾಗಿದ್ದರೂ ತಗಡಿನ ಬೆಸುಗೆ ಎಲ್ಲಿದೆಯೆಂದು ನನ್ನ ಕಣ್ಣಿಗೆ ಕಾಣಲಿಲ್ಲ. ಮಾವ ಜೇಬಿನಿಂದ ಹುಣಸೆಬೀಜದಷ್ಟು ದೊಡ್ಡ ಬೆಣಚುಕಲ್ಲಿನ ಚೂರೊಂದನ್ನು ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟರು. ಬೂದು ಬಿಳುಪಿನ ಅದರ ಮೈಯಲ್ಲಿ ಹೊಳಪೇ ಇರಲಿಲ್ಲ. "ಚಿನ್ನ ನಮಗೆ ಕಾಣುತ್ತಿದ್ದುದು ಹೀಗೆ. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಮೂರು, ನಾಲ್ಕು ಗ್ರಾಂ. ನಾಲ್ಕೇ ಗ್ರಾಂ ಅಂತ ಹಿಡಿದರೂ ಈ ಅಂಬಾರಿಗೆ ಇಪ್ಪತ್ತು ಸಾವಿರ ಟನ್ ಕಲ್ಲು ಮೇಲಕ್ಕೆ ಬರಬೇಕು" ಎಂದರು. ಆ ಲೆಕ್ಕವನ್ನು ಕೇಳಿದ ಮೇಲೆ, ಊರಿನಲ್ಲಿ ದಿನವೂ ನೋಡುವ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳು ನನ್ನ ಕಣ್ಣ ಮುಂದೆ ಬಂದು ನಿಂತವು.

ಇದು ನಮ್ಮ ಗಣಿಯ ಚಿನ್ನವೇ ಎಂದು ನಾನು ಕೇಳುವ ಮೊದಲೇ ಮೇಷ್ಟ್ರು ಆ ಊಹೆಯನ್ನು ತಡೆದರು. ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿಯವರು. ಮೊದಲ ದಶಕಗಳಲ್ಲಿ ಚಿನ್ನದ ಬಹುಪಾಲು ಇಂಗ್ಲೆಂಡಿಗೆ ಹೋಯಿತು, ಸಂಸ್ಥಾನಕ್ಕೆ ಬಂದದ್ದು ರಾಜಧನ. ಅದು ಚಿನ್ನದ ಗಟ್ಟಿಯಾಗಿ ಅಲ್ಲ, ಬೊಕ್ಕಸದ ಆದಾಯವಾಗಿ ಬಂತು. "ಅಂಬಾರಿಯಲ್ಲಿ ನಿಮ್ಮೂರನ್ನು ಹುಡುಕಬೇಡಿ. ಸಂಜೆ ತೋರಿಸುತ್ತೇನೆ" ಎಂದರು.

ಖಾಸಗಿ ದರ್ಬಾರಿನ ಸಭಾಂಗಣವಾದ ಅಂಬಾವಿಲಾಸದಲ್ಲಿ ದಂತದ ಕುಸುರಿಯ ಬೀಟೆಮರದ ಬಾಗಿಲನ್ನೂ ಬೆಳ್ಳಿಯ ಬಾಗಿಲನ್ನೂ ನೋಡಿದೆವು. ರತ್ನಸಿಂಹಾಸನವನ್ನು ಜೋಡಿಸುವುದು ದಸರೆಗೆ ಮಾತ್ರವಾದ್ದರಿಂದ ಅದು ನಮಗೆ ಸಿಗಲಿಲ್ಲ. ಜನಜಂಗುಳಿಯಲ್ಲಿ ಗೊಂಬೆಗಳನ್ನಿಟ್ಟಿರುವ ಗೊಂಬೆತೊಟ್ಟಿಯನ್ನು ಸರಿಯಾಗಿ ನೋಡಲಾಗಲಿಲ್ಲ ಎಂಬ ಕೊರಗು ನನಗಿದೆ.

ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹಾಕುತ್ತಾರೆ. ಅಂಗಳದ ಜನರ ನಡುವೆ ಕೂತು ಕಾಯುತ್ತಿದ್ದಾಗ ಮೇಷ್ಟ್ರು ತಮ್ಮ ಮಾತು ಉಳಿಸಿಕೊಂಡರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ ತೆಗೆಯುವ ಯೋಜನೆ ಆರಂಭವಾದದ್ದೇ ಕೋಲಾರದ ಗಣಿಗಾಗಿ. 1902ರಲ್ಲಿ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಆ ವಿದ್ಯುತ್ ಗಣಿಯ ಯಂತ್ರಗಳನ್ನು ಮುಟ್ಟಿತು. ಬೆಂಗಳೂರಿಗೆ ಅದು ಸಿಕ್ಕಿದ್ದು 1905ರಲ್ಲಿ, ರಾಜಧಾನಿಯಾದ ಮೈಸೂರಿಗೆ 1908ರಲ್ಲಿ. ಅರಮನೆಯ ದೀಪಕ್ಕಿಂತ ಆರು ವರ್ಷ ಮೊದಲು ನಮ್ಮೂರಿನ ಶಾಫ್ಟ್‌ಗಳಿಗೆ ಕಾವೇರಿಯ ಶಕ್ತಿ ಬಂದಿತ್ತು ಎಂಬುದನ್ನು, ಅಲ್ಲೇ ಹುಟ್ಟಿ ಬೆಳೆದ ನಾನು ಅಂದು ಮೊದಲ ಬಾರಿಗೆ ಕೇಳಿದೆ.

ಅಷ್ಟರಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಸಲಕ್ಕೆ ಹೊತ್ತಿಕೊಂಡವು. ಗೋಪುರ, ಕಮಾನು, ಕೋಟೆಬಾಗಿಲು ಎಲ್ಲವೂ ಬೆಳಕಿನ ಗೆರೆಗಳಾದವು, ಜನ ಒಕ್ಕೊರಲಿನಿಂದ ಕೂಗಿದರು. ಮಾವ ಕೂಗಲಿಲ್ಲ. ಪಕ್ಕದಲ್ಲಿ ಅಪ್ಪನ ಹೆಗಲೇರಿ ಕೂತಿದ್ದ, ಗುರುತು ಪರಿಚಯವಿಲ್ಲದ ಹುಡುಗನ ಕಾಲನ್ನು ಮುಟ್ಟಿ ತಮ್ಮ ಕಡೆಗೆ ತಿರುಗಿಸಿಕೊಂಡು, "ಈ ಕರೆಂಟು ಮೊದಲು ನಮ್ಮೂರಿಗೆ ಬಂದಿತ್ತು ಕಣಪ್ಪ" ಎಂದರು.