ಮ್ಯಾಗ್‌ಸಲ್ಫ್ ಕೊಡುವ ಮೊದಲು ಮೊಣಕಾಲು ತಟ್ಟಿ

ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೊಸದಾಗಿ ಬರುವ ಸಿಸ್ಟರುಗಳು ಮ್ಯಾಗ್‌ಸಲ್ಫ್, ಅಂದರೆ ಗರ್ಭಿಣಿಯರ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಬಗ್ಗೆ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಮೇಡಂ, ಮ್ಯಾಗ್‌ಸಲ್ಫ್ ಹೆಚ್ಚಾದರೆ ಉಸಿರು ನಿಂತುಹೋಗುತ್ತದಂತೆ, ನಿಜವೇ?" ನಿಜ. ಆದರೆ ಹೇಳದೆ ಕೇಳದೆ ನಿಲ್ಲುವುದಿಲ್ಲ. ಉಸಿರಿಗಿಂತ ಮೊದಲು ಮೊಣಕಾಲು ಸುಮ್ಮನಾಗುತ್ತದೆ.

ಗರ್ಭಿಣಿಗೆ ಬಿ.ಪಿ. ಏರಿ ಫಿಟ್ಸ್ ಬಂದರೆ, ಅಂದರೆ ಎಕ್ಲಾಂಪ್ಸಿಯಾ ಆದರೆ, ಮೊದಲು ಕೊಡಬೇಕಾದ ಔಷಧಿ ಮೆಗ್ನೀಸಿಯಂ ಸಲ್ಫೇಟ್. ಇದು ಬಿ.ಪಿ. ಇಳಿಸುವುದಿಲ್ಲ, ಅದಕ್ಕೆ ಬೇರೆ ಔಷಧಿ ಬೇಕು. ಇದರ ಕೆಲಸ ಫಿಟ್ಸ್ ತಡೆಯುವುದು. ಫಿಟ್ಸಿಗೆ ಕೊಡುವ ಬೇರೆ ಔಷಧಿಗಳಾದ ಡಯಾಜೆಪಾಂ, ಫೆನಿಟಾಯಿನ್ ಎರಡಕ್ಕಿಂತಲೂ ಇದೇ ಮೇಲು ಎಂದು 1995ರಲ್ಲಿಯೇ ದೊಡ್ಡ ಅಧ್ಯಯನ ತೋರಿಸಿತು. 2002ರಲ್ಲಿ ಪ್ರಕಟವಾದ, 33 ದೇಶಗಳ ಸುಮಾರು 10,000 ಗರ್ಭಿಣಿಯರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನದಲ್ಲಿ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಯಿತು. ಹೀಗಿದ್ದೂ ಭಯದಿಂದ ಮೊದಲ ಡೋಸ್ ಕೊಡದೆ ಹೆಂಗಸನ್ನು ಆಂಬುಲೆನ್ಸಿಗೆ ಹತ್ತಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾವು ಅನುಸರಿಸುವುದು ಮೊದಲು ರಕ್ತನಾಳಕ್ಕೆ, ಆಮೇಲೆ ಸ್ನಾಯುವಿಗೆ ಕೊಡುವ ಪ್ರಿಚರ್ಡ್ ಕ್ರಮ. ಒಂದು ಆಂಪ್ಯೂಲ್‌ನಲ್ಲಿ 2 ಮಿ.ಲೀ., ಅದರಲ್ಲಿ 1 ಗ್ರಾಂ ಔಷಧಿ. ನಾಲ್ಕು ಆಂಪ್ಯೂಲ್ ಎಳೆದುಕೊಂಡು, 12 ಮಿ.ಲೀ. ಸಲೈನ್ ಸೇರಿಸಿ 20 ಮಿ.ಲೀ. ಮಾಡಿ, ರಕ್ತನಾಳಕ್ಕೆ ನಿಧಾನವಾಗಿ, ಐದು ನಿಮಿಷಕ್ಕೆ ಕಡಿಮೆಯಾಗದಂತೆ ಕೊಡಬೇಕು. ಗಡಿಯಾರ ನೋಡುತ್ತಾ ಕೊಡಿ. ಕೈಯ ಅಂದಾಜಿನಲ್ಲಿ ಐದು ನಿಮಿಷ ಯಾವಾಗಲೂ ಎರಡೇ ನಿಮಿಷವಾಗಿರುತ್ತದೆ. ಆಮೇಲೆ ಎರಡೂ ಪೃಷ್ಠಗಳ ಆಳದ ಸ್ನಾಯುವಿಗೆ ಐದೈದು ಗ್ರಾಂ. ಈ ಇಂಜೆಕ್ಷನ್ ಬಹಳ ನೋಯುತ್ತದೆ, ಆದ್ದರಿಂದ ಜಾಗ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸುತ್ತೇವೆ. ಮೈಯೆಲ್ಲ ಬಿಸಿಯಾಗಿ ಮುಖ ಕೆಂಪೇರುವುದು ಸಹಜ ಎಂದು ಮೊದಲೇ ಹೇಳಿಬಿಟ್ಟರೆ ಆಕೆಯೂ ಬೆದರುವುದಿಲ್ಲ, ಕೈಗೆ ಬೀಗದ ಕೈ ಹಿಡಿಸಲು ಹೊರಟ ಅತ್ತೆಯೂ ಸ್ವಲ್ಪ ಸುಮ್ಮನಿರುತ್ತಾರೆ.

ಮೊದಲ ಡೋಸಿಗೆ ಅಂಜಬೇಕಾಗಿಲ್ಲ. ಎಚ್ಚರ ಬೇಕಾದದ್ದು ನಾಲ್ಕು ಗಂಟೆಗೊಮ್ಮೆ ಕೊಡುವ ಮುಂದಿನ ಐದು ಗ್ರಾಂಗಳಿಗೆ. ಮೆಗ್ನೀಸಿಯಂ ದೇಹದಿಂದ ಹೊರಬೀಳುವುದು ಮೂತ್ರಪಿಂಡದ ಮೂಲಕ. ಮೂತ್ರ ಕಡಿಮೆಯಾದರೆ ಅದು ಒಳಗೇ ಉಳಿದು ಏರುತ್ತದೆ. ಫಿಟ್ಸ್ ತಡೆಯಲು ರಕ್ತದಲ್ಲಿ ಇರಬೇಕಾದ ಮಟ್ಟ ಲೀಟರಿಗೆ 4ರಿಂದ 7 ಮಿಲಿಈಕ್ವಿವಲೆಂಟ್ (ಲ್ಯಾಬ್ ಬಳಸುವ ಅಳತೆ). 10ರ ಹತ್ತಿರ ಮೊಣಕಾಲಿನ ಪ್ರತಿಕ್ರಿಯೆ ಹೋಗುತ್ತದೆ. ಉಸಿರಿಗೆ ತೊಂದರೆ ಅದಕ್ಕೂ ಮೇಲೆ. ಆ ನಡುವಿನ ಅಂತರವೇ ನಮಗಿರುವ ಅವಕಾಶ. ರಕ್ತದ ಮಟ್ಟ ಅಳೆಯುವ ಲ್ಯಾಬ್ ನಮ್ಮಲ್ಲಿಲ್ಲ, ಮೊಣಕಾಲು ತಟ್ಟುವ ರಬ್ಬರ್ ಸುತ್ತಿಗೆಯಿದೆ. ಮೊಣಕಾಲಿನ ಕೆಳಗೆ ನನ್ನ ಎಡಗೈ ತೂರಿಸಿ ಕಾಲನ್ನು ಸ್ವಲ್ಪ ಎತ್ತಿ, ಚಿಪ್ಪಿನ ಕೆಳಗೆ ತಟ್ಟುತ್ತೇನೆ. ಪಾದ ಚಿಮ್ಮಬೇಕು. ಸುತ್ತಿಗೆ ಯಾರೋ ಒಯ್ದಿದ್ದರೆ ಸ್ಟೆತಾಸ್ಕೋಪಿನ ಅಂಚು ಸಾಕು.

ಅದರ ಜೊತೆಗೆ ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ಪೂರ್ತಿ ಒಂದು ನಿಮಿಷ ಎಣಿಸಿ. ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರಬೇಕು, ಬ್ಯಾಗ್ ಎತ್ತಿ ಗೆರೆ ನೋಡಿ, ಆಯಾ ಹೇಳಿದ್ದನ್ನು ಬರೆಯಬೇಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಡೋಸ್ ತಡೆದು ಡಾಕ್ಟರನ್ನು ಕರೆಯಿರಿ. ಉಸಿರು ಕುಸಿದರೆ ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಲೇ ಮೆಗ್ನೀಸಿಯಂಗೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ, ಅಂದರೆ ಶೇಕಡ 10ರ ದ್ರಾವಣ 10 ಮಿ.ಲೀ., ರಕ್ತನಾಳಕ್ಕೆ ನಿಧಾನವಾಗಿ. ಅದು ಬೀರುವಿನಲ್ಲಿದ್ದು ಬೀಗದ ಕೈ ಫಾರ್ಮಸಿಸ್ಟ್ ಜೇಬಿನಲ್ಲಿದ್ದರೆ ಇಲ್ಲದಂತೆಯೇ. ನಾನು ಹಾಸಿಗೆಯ ಪಕ್ಕದ ಟ್ರೇಯಲ್ಲಿ ಸಿರಿಂಜಿನ ಜೊತೆಗೇ ಇಡುತ್ತೇನೆ.

ಹೆರಿಗೆಯಾದ ಕೂಡಲೇ ನಿಲ್ಲಿಸಿಬಿಡುವ ಅಭ್ಯಾಸವೂ ಇದೆ. ಫಿಟ್ಸ್ ಹೆರಿಗೆಯ ನಂತರವೂ ಬರುತ್ತದೆ. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ತಡವೋ ಅಲ್ಲಿಂದ 24 ಗಂಟೆ ಮುಂದುವರಿಸಬೇಕು.

ರೆಫರ್ ಮಾಡುವವರಲ್ಲಿ ಒಂದು ಕೋರಿಕೆ. ಚೀಟಿಯಲ್ಲಿ "ಫಿಟ್ಸ್, ಇಂಜೆಕ್ಷನ್ ಕೊಟ್ಟಿದೆ" ಎಂದಷ್ಟೇ ಬರೆದರೆ ನಾವು ಏನೆಂದು ತಿಳಿಯಬೇಕು? ಎಷ್ಟು ಗ್ರಾಂ, ರಕ್ತನಾಳಕ್ಕೋ ಸ್ನಾಯುವಿಗೋ, ಎಷ್ಟು ಗಂಟೆಗೆ ಎಂದು ತಾಯಿ ಕಾರ್ಡಿನ ಮೇಲೂ ಬರೆಯಿರಿ. ಚೀಟಿ ಆಂಬುಲೆನ್ಸಿನಲ್ಲೇ ಉಳಿದುಹೋಗುವುದುಂಟು.