ಕವಿತೆ ಅರ್ಥವಾಗುತ್ತದೆಯೇ ಎಂದು ಕೇಳುವವರಿಗೆ

ಚಿಕ್ಕಮಗಳೂರಿನಲ್ಲಿ ನನ್ನನ್ನು ಬಲ್ಲವರು, ಬಸ್ ನಿಲ್ದಾಣದಲ್ಲಿಯೋ ಮದುವೆಯ ಪಂಕ್ತಿಯಲ್ಲಿಯೋ ಸಿಕ್ಕಾಗ, ಒಂದೇ ಪ್ರಶ್ನೆ ಕೇಳುತ್ತಾರೆ: "ಐವತ್ತು ದಾಟಿದ ಮೇಲೆ ಕಾವ್ಯ ಹಿಡಿದಿದ್ದೀರಂತೆ, ಅದೆಲ್ಲ ನಿಮಗೆ ಅರ್ಥವಾಗುತ್ತದೆಯೇ?" ಇಷ್ಟು ದಿನ ನಕ್ಕು, "ಸ್ವಲ್ಪ ಸ್ವಲ್ಪ" ಎನ್ನುತ್ತಿದ್ದೆ. ಇನ್ನು ಹಾಗೆನ್ನುವುದಿಲ್ಲ. ಪ್ರಶ್ನೆಯೇ ತಪ್ಪು. ಕಛೇರಿ ಕೇಳಿ ಬಂದವರನ್ನು ರಾಗ ಅರ್ಥವಾಯಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಕವಿತೆಯನ್ನು ಮಾತ್ರ, ವಿಷಯ ತಿಳಿದೊಡನೆ ಮಡಚಿಡಬಹುದಾದ ನೋಟೀಸಿನಂತೆ ಕಾಣುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಕಾವ್ಯಕ್ಕೆ ಮರಳಿದ್ದು ಅರ್ಥ ಹುಡುಕಿಕೊಂಡಲ್ಲ. ಕಡೂರಿನಲ್ಲಿರುವ ಸೋದರತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಕೆಲವು ವಾರ ಓದುವಂತಿರಲಿಲ್ಲ. ನೋಡಲು ಹೋದಾಗ ಜೈಮಿನಿ ಭಾರತವನ್ನು ನನ್ನ ಕೈಗಿತ್ತು, "ನೀನಾದರೂ ಓದೋ" ಎಂದರು. ಅದನ್ನು ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಅತ್ತೆ ಅವನ ಮಾತೆತ್ತುವುದು ನೆರೆಯೂರಿನ ನೆಂಟನ ಮಾತೆತ್ತಿದಂತೆ. ನಾನು ದಿನಪತ್ರಿಕೆ ಓದುವಂತೆ ಓದತೊಡಗಿದೆ. ನಾಲ್ಕನೆಯ ಸಾಲಿಗೆ ಅವರು ಕೈಯೆತ್ತಿ ತಡೆದರು. "ಸಾಲು ಕುಂಟಿತು, ಮತ್ತೆ ಓದು." ನೋಡಿದರೆ ಒಂದು ದೀರ್ಘವನ್ನು ಹ್ರಸ್ವ ಮಾಡಿದ್ದೆ. ಆ ಪದ್ಯ ಅವರಿಗೆ ಬಾಯಿಪಾಠವಿರಲಿಲ್ಲ, ಪುಸ್ತಕ ಅವರ ಕಣ್ಣ ಮುಂದಿರಲಿಲ್ಲ. ಆದರೂ ಒಂದೇ ಒಂದು ಮಾತ್ರೆ, ಅಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ, ಕಡಿಮೆಯಾದದ್ದು ಅವರ ಕಿವಿಗೆ ತಿಳಿದಿತ್ತು.

ಅಂದು ರಾತ್ರಿ ಕುಳಿತು ಎಣಿಸಿದೆ. ಜೈಮಿನಿ ಭಾರತವಿರುವುದು ವಾರ್ಧಕ ಷಟ್ಪದಿಯೆಂಬ ಆರು ಸಾಲಿನ ಪದ್ಯಗಳಲ್ಲಿ. ಅದರ ಗಣಗಳು, ಅಂದರೆ ಸಾಲಿನೊಳಗಿನ ಗುಂಪುಗಳು, ಐದೈದು ಮಾತ್ರೆಯವು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಇಂಥ ನಾಲ್ಕು ಗಣಗಳು, ಅಂದರೆ 20 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಆರು ಗಣಗಳು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 32. ಇದರ ಜೊತೆಗೆ ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಪ್ರಾಸವಾಗಿ ಬರಬೇಕು. ಇದನ್ನೆಲ್ಲ ಶಾಲೆಯಲ್ಲಿ ಪ್ರಸ್ತಾರ ಹಾಕಿ, ಅಕ್ಷರಗಳ ಮೇಲೆ ಮಾತ್ರೆಯ ಗುರುತು ಹಾಕಿ, ಅಂಕ ಗಳಿಸಿದ್ದೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿದ ಮೇಲೆ ಎಲ್ಲೆಲ್ಲೂ ಕೇಳಿಸತೊಡಗಿತು. ಗೋಪಾಲಕೃಷ್ಣ ಅಡಿಗರ "ಯಾವ ಮೋಹನ ಮುರಳಿ ಕರೆಯಿತು" ಎಂಬ ಸಾಲನ್ನು ಬಿಡಿಸಿ ಹೇಳಿ ನೋಡಿ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಗದುಗಿನ ಭಾರತ ಬರೆದ ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆಯೂ ಅದೇ. ನವ್ಯದ ಕವಿಯೆಂದು ನಾನು ದೂರವಿಟ್ಟಿದ್ದವರ ಸಾಲಿನಲ್ಲಿ ಗದುಗಿನ ಹೆಜ್ಜೆ ಕೇಳಿಸಿದ ದಿನ ನನಗೆ ನಿದ್ರೆ ಬರಲಿಲ್ಲ.

ಅರ್ಥವಾಗುತ್ತದೆಯೇ ಎನ್ನುವ ಬದಲು, ಮೂವತ್ತು ವರ್ಷ ಯಾಕೆ ಬಿಟ್ಟಿದ್ದಿರಿ ಎಂದು ಯಾರಾದರೂ ಕೇಳಬಾರದೇ? ಅದಕ್ಕೆ ನನ್ನಲ್ಲಿ ಉತ್ತರವಿದೆ. ನಮಗೆ ಪದ್ಯವೆಂದರೆ ಸಾರಾಂಶವಾಗಿತ್ತು, "ಸಂದರ್ಭ ಸಹಿತ ವಿವರಿಸಿ" ಎಂಬ ನಾಲ್ಕು ಅಂಕವಾಗಿತ್ತು. ಪಾಠ ಮಾಡಿದವರು ಒಳ್ಳೆಯವರೇ. ಆದರೆ ಪದ್ಯವನ್ನು ಗಟ್ಟಿಯಾಗಿ ಓದಲು ಅವರಿಗೂ ಪುರಸೊತ್ತಿರಲಿಲ್ಲ. ಸಾರಾಂಶ ಕೈಗೆ ಬಂದ ಮೇಲೆ ಪದ್ಯವೇತಕ್ಕೆ ಎಂದು ನಾವು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅತ್ತೆಯ ಕಣ್ಣು ಈಗ ಸರಿಯಾಗಿದೆ. ಆದರೂ ಭಾನುವಾರ ಕಡೂರಿನ ಬಸ್ಸು ಹತ್ತುವುದನ್ನು ನಾನು ಬಿಟ್ಟಿಲ್ಲ. ಲಕ್ಷ್ಮಣನು ಸೀತೆಯನ್ನು ಕಾಡಿನಲ್ಲಿ ಬಿಟ್ಟು ಹೊರಡುವ ಪದ್ಯಗಳಿಗೆ ಬಂದು ಮೂರು ವಾರಗಳಾದವು. ಕಥೆ ಇಬ್ಬರಿಗೂ ಗೊತ್ತು, ಅರ್ಥ ಕೆಳಗೆ ಅಚ್ಚಾಗಿದೆ, ಅತ್ತೆ ಮಾತ್ರ ಹಾಳೆ ತಿರುಗಿಸಲು ಬಿಡುತ್ತಿಲ್ಲ.