ಡ್ರೈವರ್ ಸೀಟಿನ ಕಡೆಯಿಂದ

ಅಪ್ಪ ಹಾಸನದಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಅಂಬಾಸಡರ್ ಓಡಿಸಿದವರು. ಹಾಗಾಗಿ ಹಳೇ ಕಾರು ಎಲ್ಲಿ ಕಂಡರೂ ನಾನು ಮೊದಲು ಇಣುಕುವುದು ಡ್ರೈವರ್ ಸೀಟಿಗೆ. ಹಿಂದಿನ ಮೆತ್ತೆ, ಪರದೆ ಎಲ್ಲ ಆಮೇಲೆ.

ನಾನೀಗ ಇರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಇಲ್ಲಿನ ನೈಟಿಂಗೇಲ್ ರೋಡಿನಲ್ಲಿ 1908ರಿಂದ ರೋಲ್ಸ್ ರಾಯ್ಸ್ ಕಾರು ತಯಾರಾಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರಿನ ಕೆಲಸ ಕ್ರೂ ಊರಿಗೆ ಹೋಯಿತು. ಹೋದ ಭಾನುವಾರ ಒಂದು ಮೈದಾನದಲ್ಲಿ ಎರಡೂ ಊರಿನ ಕಾರು ಅಕ್ಕಪಕ್ಕ ನಿಂತಿದ್ದವು. ಒಂದು 1912ರ ಸಿಲ್ವರ್ ಘೋಸ್ಟ್, ಇನ್ನೊಂದು 1974ರ ಸಿಲ್ವರ್ ಶ್ಯಾಡೋ.

ಘೋಸ್ಟ್ ಕಾಲದಲ್ಲಿ ಕಂಪನಿ ಕೊಡುತ್ತಿದ್ದದ್ದು ಚಾಸಿ (ಕಾರಿನ ಅಡಿಯ ಚೌಕಟ್ಟು), ಎಂಜಿನ್ ಅಷ್ಟೇ. ಬಾಡಿ ಬೇರೆಯವರ ಹತ್ತಿರ ಕಟ್ಟಿಸಿಕೊಳ್ಳಬೇಕು, ನಮ್ಮಲ್ಲಿ ಲಾರಿಗೆ ಬಾಡಿ ಕಟ್ಟಿಸುವ ಹಾಗೆ. ಈ ಕಾರಿನ ಹಿಂಭಾಗ ಗಾಜಿನ ಕಿಟಕಿಯ ಪುಟ್ಟ ಕೋಣೆ. ಡ್ರೈವರಿಗೆ ತಲೆ ಮೇಲೊಂದು ಚಾವಣಿ ಮಾತ್ರ, ಪಕ್ಕಕ್ಕೆ ಏನೂ ಇಲ್ಲ. ಇಲ್ಲಿ ಮಳೆ ಬೀಳುವುದೇ ಓರೆಯಾಗಿ. ಪಾಪ, ಆ ಪುಣ್ಯಾತ್ಮ ಅದೆಷ್ಟು ಸಲ ನೆನೆದನೋ.

ಸ್ಟಾರ್ಟ್ ಮಾಡುವುದಂತೂ ದೊಡ್ಡ ಪೂಜೆ. ಮೊದಲು ಕೈಪಂಪ್ ಒತ್ತಿ ಹಿಂದಿನ ಟ್ಯಾಂಕಿಗೆ ಗಾಳಿ ತುಂಬಬೇಕು. ಆ ಒತ್ತಡಕ್ಕೇ ಪೆಟ್ರೋಲ್ ಮುಂದೆ ಬರುವುದು. ಸ್ಟೀರಿಂಗಿನಲ್ಲಿರುವ ಪುಟ್ಟ ಲಿವರ್ ಸರಿಸಿ, ಪೆಟ್ರೋಲ್ ಹೊತ್ತಿಸುವ ಕಿಡಿ ಸ್ವಲ್ಪ ತಡವಾಗಿ ಹಾರುವ ಹಾಗೆ ಮಾಡಬೇಕು. ಮರೆತರೆ ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿಯಬಹುದು. ಆಮೇಲೆ ಕಾರಿನ ಮುಂದೆ ಹೋಗಿ 7.4 ಲೀಟರಿನ ಎಂಜಿನ್ ಅನ್ನು ಆ ಹ್ಯಾಂಡಲಿನಿಂದ ತಿರುವಬೇಕು. ಹೊತ್ತಿಕೊಂಡ ಮೇಲೆ ಸದ್ದು? ಹತ್ತಿರ ಹೋಗಿ ಕೇಳಬೇಕು, ಅಷ್ಟು ಮೆತ್ತಗೆ. 1907ರಲ್ಲಿ ಬೆಳ್ಳಿ ಬಣ್ಣದ ಒಂದು ಕಾರು ಕೆಟ್ಟು ನಿಲ್ಲದೆ 14,371 ಮೈಲಿ ಓಡಿತ್ತು. ಸಿಲ್ವರ್ ಘೋಸ್ಟ್ ಅನ್ನುವ ಹೆಸರು ಬಂದದ್ದು ಆ ಕಾರಿನಿಂದಲೇ. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ಶ್ಯಾಡೋದಲ್ಲಿ ಬೇರೆ ಚಾಸಿ ಇಲ್ಲ, ಎಲ್ಲ ಸೇರಿ ಒಂದೇ ಬಾಡಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಮಾಲೀಕರು ಕೀ ಕೊಟ್ಟು "ಒಂದು ಸುತ್ತು ಹೊಡಿ" ಅಂದರು. ಸೀಟು ಸೋಫಾದಂತೆ. ಅಂಬಾಸಡರಿನ ಹಾಗೆ ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇದೆ. ಆದರೆ ಬೆರಳಲ್ಲಿ ಸರಿಸಿದರೆ ಸಾಕು, ಉಳಿದದ್ದನ್ನು ಪುಟ್ಟ ಮೋಟಾರು ನೋಡಿಕೊಳ್ಳುತ್ತದೆ. ಅಪ್ಪನ ಎಡಗೈ ಅಷ್ಟು ವರ್ಷ ಆ ಗೇರಿನ ಜೊತೆ ಗುದ್ದಾಡಿದ್ದು ನೆನಪಾಯಿತು.

ಇದಕ್ಕೂ ಒಂದು ಕಾಟ ಇದೆ, ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ನಡೆಯುವ ವ್ಯವಸ್ಥೆ. ಬ್ರೇಕಿಗೂ, ಕಾರಿನ ಎತ್ತರ ಸಮ ಮಾಡುವುದಕ್ಕೂ ಅದೇ. ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪನಿಯಿಂದ ಲೈಸೆನ್ಸ್ ಪಡೆದು ಹಾಕಿದ್ದು. ಒತ್ತಡ ಸಾಕಷ್ಟು ಏರಿ ಕೆಂಪು ದೀಪ ಆರುವ ತನಕ ಹೊರಡುವಂತಿಲ್ಲ. ಅದಕ್ಕೆ ಹೇಳಿದ ಎಣ್ಣೆ ಬಿಟ್ಟು ಮಿನರಲ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಹಾಳು. ಘೋಸ್ಟ್‌ನಲ್ಲಿ ಏನು ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಮಾಲೀಕರೇ ಬಾನೆಟ್ ಎತ್ತಲು ಹೆದರುತ್ತಾರೆ.

ಆದರೂ ನನಗೆ ಶ್ಯಾಡೋನೇ ಇಷ್ಟ. ಹಿಂದೆ ಕೂತವರಿಗೆ ಯಾವ ಚರ್ಮದ ಸೀಟೋ, ಓಡಿಸುವವರಿಗೂ ಅದೇ ಅಲ್ವಾ.

ಸಂಜೆ ಅಪ್ಪನಿಗೆ ಎರಡರ ಫೋಟೋನೂ ಕಳಿಸಿದೆ. ಶ್ಯಾಡೋ ಬಗ್ಗೆ ಅವರು ಮಾತೇ ಆಡಲಿಲ್ಲ. "ಆ ಹಳೇದರ ಚಾವಣಿ ಅಂಚಲ್ಲಿ ಕೊಕ್ಕೆ ಇತ್ತಾ? ಮಳೆಗೆ ಟಾರ್ಪಾಲು ಕಟ್ಕೊಳ್ತಿದ್ದನೇನೋ" ಅಂದರು. ನಾನು ನೋಡಿರಲಿಲ್ಲ.